ಹನ್ನೊಂದು ಪೀಪಾಯಿ ಎಲೆ

ದೊಂಬ್ರುವ್ಕಾ, 21 ಫೆಬ್ರವರಿ 1982

ಸೆವೆರಿನ್,

ನೀನು ಎಲ್ಲಿದ್ದೀಯ ಎಂದು ತಿಳಿಯಲು ನನಗೆ ಐದು ವಾರ ಹಿಡಿಯಿತು. ಪತ್ರ ಬರೆಯಬಹುದು ಎಂದು ತಿಳಿಯಲು ಮತ್ತೆ ನಾಲ್ಕು. ಡಿಸೆಂಬರಿನಲ್ಲಿ ಸೈನ್ಯದ ಆಡಳಿತ ಬಂದು ಟ್ಯಾಂಕುಗಳು ರಸ್ತೆಗಿಳಿದ ಮೇಲೆ ಫೋನುಗಳೆಲ್ಲ ಸತ್ತವು, ಬಸ್ಸು ನಿಂತಿತು. ಬಸ್ಸು ಮತ್ತೆ ಓಡಿದ ಮೊದಲ ದಿನವೇ ನಿನ್ನ ಸಂಶೋಧನಾ ಸಂಸ್ಥೆಗೆ ಹೋದೆ. ಬಾಗಿಲಲ್ಲಿ ಕೂತಿದ್ದವನು, "ನೀವು ಅವ್ರ ಹೆಂಡ್ತೀನಾ? ಅವ್ರು ಹಾಸ್ಟೆಲಲ್ಲಿ ಒಬ್ರೇ ಇದ್ರಲ್ಲ" ಅಂದ. "ಹೆಂಡ್ತೀನೇ" ಅಂದೆ. "ಯೂನಿಯನ್ನಿನವ್ರನ್ನೆಲ್ಲ ಎತ್ಕೊಂಡು ಹೋದ್ರು" ಅಂದು ಕಿಟಕಿ ಮುಚ್ಚಿಕೊಂಡ. ನೀನಿರುವ ಜೈಲಿನ ಹೆಸರು ಕೊನೆಗೆ ಹೇಳಿದವರು ನಮ್ಮ ಪಾದ್ರಿಗಳು. ಅವರ ಬಳಿ ಒಂದು ಪಟ್ಟಿ ಇತ್ತು.

ನಾನು ಬರೆಯುತ್ತಿರುವುದು ಎಲೆಗಳ ವಿಷಯಕ್ಕೆ.

ಹಿಮ ಕರಗಿದ ಕಡೆ ಮರಗಳ ಬುಡದಲ್ಲಿ ಹೋದ ವರ್ಷದ ಎಲೆ ಕಪ್ಪಗೆ ಅಂಟಿಕೊಂಡು ಬಿದ್ದಿದೆ. ಎತ್ತಿ ನೋಡಿದರೆ ಪ್ರತಿ ಎಲೆಯಲ್ಲೂ ಆ ಗುಳ್ಳೆಗಳು. ನಾಲ್ಕು, ಆರು, ಒಂದರಲ್ಲಿ ಒಂಬತ್ತು. ಉಗುರಿನಿಂದ ಸೀಳಿದರೆ ಒಳಗೆ ಎಳ್ಳಿನಷ್ಟು ಕಂದು ಗೂಡು. ನಿನಗೆ ಅದರ ಲ್ಯಾಟಿನ್ ಹೆಸರು ಗೊತ್ತು. ನಮಗೆ ಅದು ಸುರಂಗದ ಹುಳು. ಹೋದ ವರ್ಷ ಮ್ಯಾಕಿಂಟಾಶ್ ಸೇಬಿನ ಮರಗಳು ಸೆಪ್ಟೆಂಬರ್ ಶುರುವಿನಲ್ಲೇ ಎಲೆ ಉದುರಿಸಿ ಬರಿದಾದವು. ಹಣ್ಣು ಕೆಂಪೇರಲೇ ಇಲ್ಲ. ಈ ವರ್ಷವೂ ಹಾಗೇ ಆದರೆ ಮುಂದಿನ ವರ್ಷಕ್ಕೆ ಮೊಗ್ಗೂ ಇರುವುದಿಲ್ಲ.

ಹೋದ ಆಗಸ್ಟಿನಲ್ಲಿ, ನೀನು ಮೂರು ವರ್ಷದಿಂದ ಒಂದು ತೊಟ್ಟು ಔಷಧಿ ಬೀಳದಂತೆ ಕಾಯ್ದುಕೊಂಡು ಬಂದಿದ್ದ ಹನ್ನೆರಡು ಸಾಲಿಗೂ ನಾನು ಔಷಧಿ ಹೊಡೆದೆ. ನೀನು ಸೂಟ್‌ಕೇಸ್ ತೆಗೆದುಕೊಂಡು ಹೋದೆ. ಅದರ ಮಾತು ಈಗ ಬೇಡ. ಹೊಡೆದ ಮೇಲೆ ಹುಳು ಕಡಿಮೆಯಾಗದೆ ಹೆಚ್ಚಿದ್ದು ಯಾಕೆ, ಈಗ ಏನು ಮಾಡಬೇಕು, ಅಷ್ಟು ಬರೆ. ಅಂಗಡಿಯಲ್ಲಿ ಔಷಧಿ ಇಲ್ಲ. ಬಂದದ್ದನ್ನು ತೋಟಗಾರರ ಸಂಘದ ಅಧ್ಯಕ್ಷ ಸ್ಟೆಲ್ಮಾಕ್ ತನಗೆ ಬೇಕಾದವರಿಗೆ ಹಂಚುತ್ತಾನೆ. ನಿನ್ನನ್ನು ಹಿಡಿದುಕೊಂಡು ಹೋದ ಮೇಲೆ ನಾನು ಅವನಿಗೆ ಬೇಕಾದವಳಲ್ಲ.

ಪೊಲೀಸರು ಇಲ್ಲಿಗೂ ಬಂದಿದ್ದರು. ನಿನ್ನ ಒಂಬತ್ತು ನೋಟ್‌ಬುಕ್ ಒಯ್ದರು.

ಅಪ್ಪನಿಗೆ ಜನವರಿಯಲ್ಲಿ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿವೆ. ಬಾಯಿ ಮಾತ್ರ ಮೊದಲಿನ ಹಾಗೇ ಇದೆ. "ಚಿಟ್ಟೆ ಹಿಡಿಯೋನನ್ನ ಹಿಡಿದು ಈ ಸರ್ಕಾರಕ್ಕೆ ಏನ್ ಸಿಕ್ಕಿತು?" ಅನ್ನುತ್ತಾನೆ. ನಾನು ಅವನನ್ನು ಬಿಟ್ಟು ಅಷ್ಟು ದೂರ ಭೇಟಿಗೆ ಬರಲಾರೆ. ಉಣ್ಣೆಯ ಕಾಲುಚೀಲ ಎರಡು ಜೊತೆ ಕಳಿಸಿದ್ದೇನೆ.

ಒತಿಲ್ಯಾ

*

14 ಮಾರ್ಚ್ 1982

ಒತಿಲ್ಯಾ,

ನಿನ್ನ ಪತ್ರ ಹದಿನೆಂಟು ದಿನ ಅಲೆದು ಬಂತು. ನನಗೆ ಎರಡು ಪುಟ ಬರೆಯಲು ಅವಕಾಶ. ಇರುವ ಜಾಗದ ಬಗ್ಗೆ ಬರೆಯುವಂತಿಲ್ಲ. ಒಂದು ಕೋಣೆಯಲ್ಲಿ ಎಂಟು ಮಂದಿ ಇದ್ದೇವೆ, ನನ್ನ ಮೇಲಿನ ಮಂಚದಲ್ಲಿ ಬೆನೆಕ್ ಎಂಬ ಟ್ರಾಮ್ ಚಾಲಕ ಇದ್ದಾನೆ. ಕಿಟಕಿಗೆ ಓರೆಯಾಗಿ ತಗಡು ಹೊಡೆದಿದ್ದಾರೆ.

ಕೇಳಿದ್ದಕ್ಕೆ ಉತ್ತರ. ಈ ಹುಳು ಎಲೆಯ ಕೆಳಸಿಪ್ಪೆಗೂ ತಿರುಳಿಗೂ ನಡುವೆ ಸೇರಿಕೊಂಡು ಬದುಕುತ್ತದೆ. ಪತಂಗವಾಗಿ ಹಾರುವವರೆಗೆ ಉಣ್ಣುವುದು, ಬೆಳೆಯುವುದು, ಗೂಡು ಕಟ್ಟುವುದು ಎಲ್ಲ ಅಲ್ಲೇ. ನೀವು ಹೊಡೆಯುವ ಔಷಧಿ ಎಲೆಯ ಮೇಲೆ ಬೀಳುತ್ತದೆ, ಒಳಗಿರುವ ಅದಕ್ಕೆ ತಾಗುವುದಿಲ್ಲ. ತಾಗುವುದು ಅದನ್ನು ಹುಡುಕಿಕೊಂಡು ಎಲೆಯ ಮೇಲೆ ಓಡಾಡುವ ಸಣ್ಣ ಕಣಜಗಳಿಗೆ. ಸೂಜಿಯ ಮೊನೆಯಷ್ಟಿರುತ್ತವೆ. ಅವು ಸಿಪ್ಪೆಯನ್ನು ಚುಚ್ಚಿ ಹುಳುವಿನ ಮೇಲೆ ಮೊಟ್ಟೆ ಇಡುತ್ತವೆ, ಮೊಟ್ಟೆಯಿಂದ ಬಂದ ಮರಿ ಹುಳುವನ್ನು ತಿಂದು ಮುಗಿಸುತ್ತದೆ. ಆಗಸ್ಟಿನಲ್ಲಿ ನೀನು ಕೊಂದದ್ದು ಕಾವಲುಗಾರರನ್ನು.

ಚುಚ್ಚಲೆಂದು ಬರೆಯುತ್ತಿಲ್ಲ. ಕಾರಣ ಕೇಳಿದೆ, ಹೇಳಿದೆ.

ಈಗ ಮಾಡಬೇಕಾದ್ದು. ಎಲೆಯನ್ನು ಸುಡಬೇಡ, ಹೂಳಲೂಬೇಡ. ಅಳಿದುಳಿದ ಕಣಜಗಳು ಚಳಿಗಾಲ ಕಳೆಯುತ್ತಿರುವುದೂ ಅದೇ ಎಲೆಗಳೊಳಗೆ. ಎಲ್ಲವನ್ನೂ ಬಾಚಿ ಪೀಪಾಯಿಗಳಿಗೆ ತುಂಬು. ಬಾಯಿಗೆ ಬಟ್ಟೆ ಬಿಗಿ. ಬಟ್ಟೆಯ ಕಣ್ಣು ಒಂದು ಮಿಲಿಮೀಟರಿಗೆ ತುಸು ಕಡಿಮೆ ಇರಬೇಕು. ನಿಮ್ಮ ಅಜ್ಜನ ಗಿರಣಿಯ ರವೆ ಜರಡಿಯ ಬಟ್ಟೆ ಅಟ್ಟದಲ್ಲಿತ್ತು, ಅದು ಆಗಬಹುದು. ಪೀಪಾಯಿಗಳನ್ನು ಹನ್ನೆರಡು ಸಾಲಿನ ನಡುವೆ ಇಡು. ಮೇ ಮೊದಲ ವಾರ ಸಾವಿರಾರು ಮಂದಿ ಹೊರಗೆ ಬರುತ್ತಾರೆ. ದೊಡ್ಡವರು ಒಳಗೇ ಸಿಕ್ಕಿಬಿದ್ದು ಸಾಯುತ್ತಾರೆ, ಚಿಕ್ಕವರು ತೂರಿಕೊಂಡು ಪಾರಾಗುತ್ತಾರೆ. ಹುಳುಗಳನ್ನು ಮನುಷ್ಯರಂತೆ ಕರೆಯುವ ನನ್ನ ಚಾಳಿ ನಿನಗೆ ಗೊತ್ತಲ್ಲ.

ಮಾವನಿಗೆ ನನ್ನ ನಮಸ್ಕಾರ. ಕಾಲುಚೀಲ ಬಂತು. ಒಂದು ಜೊತೆ ಬೆನೆಕ್‌ಗೆ ಕೊಟ್ಟೆ, ಬೇಸರಪಡಬೇಡ.

ಸೆವೆರಿನ್

*

ದೊಂಬ್ರುವ್ಕಾ, 18 ಏಪ್ರಿಲ್ 1982

ಸೆವೆರಿನ್,

ನಿನ್ನ ಚಾಳಿಯಿಂದ ನನ್ನನ್ನು ಠಾಣೆಗೆ ಕರೆಸಿದರು.

ಮೊದಲಿಂದ ಹೇಳುತ್ತೇನೆ. ಹುಳಿ ಕೋಸಿನ ಪೀಪಾಯಿಗಳು ಹನ್ನೊಂದು ಖಾಲಿ ಇದ್ದವು. ಎಂಟು ದಿನ ಬಾಚಿದೆ. ರಸ್ತೆಯಲ್ಲಿ ಹೋಗುವವರೆಲ್ಲ ಬೇಲಿಗೆ ಆತು ನಿಂತು, "ಏನಮ್ಮಾ ಒತಿಲ್ಯಾ, ಈ ಸಲ ಎಲೇನೇ ಉಪ್ಪಿನಕಾಯಿ ಹಾಕ್ತೀಯಾ?" ಎಂದು ಕೇಳಿದರು. "ನಿಮಗೂ ಒಂದು ಭರಣಿ ಕೊಡ್ತೀನಿ, ತಾಳಿ" ಅಂದೆ. ಜರಡಿ ಬಟ್ಟೆ ಇಲಿ ಕಡಿದಿತ್ತು. ಅಪ್ಪ ಎಡಗೈಯಲ್ಲಿ ಹಿಡಿದುಕೊಂಡ, ನಾನು ಹೊಲಿದೆ. ಎಲ್ಲ ಪೀಪಾಯಿಗೂ ಸಾಲುವಷ್ಟಾಯಿತು.

ಈಸ್ಟರ್‌ಗೆ ಮೂರು ದಿನ ಇರುವಾಗ ಕರೆ ಬಂತು. ಲೆಫ್ಟಿನೆಂಟ್ ನಿನ್ನ ಪತ್ರದ ನಕಲನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದ. ಅಡಿಗೆರೆಗಳೆಲ್ಲ ಕೆಂಪು ಮಸಿಯಲ್ಲಿ.

"ಮೇ ಮೊದಲ ವಾರ ಸಾವಿರಾರು ಮಂದಿ ಎಲ್ಲಿಂದ ಹೊರಗೆ ಬರ್ತಾರೆ?"

"ಪೀಪಾಯಿಂದ."

"ದೊಡ್ಡವರು ಅಂದ್ರೆ ಯಾರು?"

"ಪತಂಗ."

"ನೋಡಮ್ಮ, ನಾನೂ ರೈತನ ಮಗನೇ. ನನ್ನ ಹತ್ರ ಆಟ ಬೇಡ."

"ರೈತನ ಮಗ ಆದ್ರೆ ಬಂದು ನೋಡಿ."

ಬಂದೇಬಿಟ್ಟ, ಜೀಪಿನಲ್ಲಿ, ಚಾಲಕನನ್ನೂ ಕರೆದುಕೊಂಡು. ಅಪ್ಪ ಕಿಟಕಿಯಿಂದ ಕೂಗಿದ: "ಸಾಹೇಬ್ರೇ, ಬಂದೂಕೆಲ್ಲ ಮೂರನೇ ಪೀಪಾಯೀಲಿವೆ." ಲೆಫ್ಟಿನೆಂಟ್ ನಗಲಿಲ್ಲ. ಮೂರನೇ ಪೀಪಾಯಿಯ ಬಟ್ಟೆ ಬಿಚ್ಚಿಸಿ ಮೊಣಕೈವರೆಗೆ ಕೈ ಹಾಕಿದ. ಕೊಳೆತ ಎಲೆ, ಹಳೆ ಕೋಸಿನ ನಾತ. ಕೈಯನ್ನು ಹುಲ್ಲಿಗೆ ಒರೆಸಿಕೊಂಡ. ನಾನು ಒಂದು ಎಲೆ ಸೀಳಿ ನಿನ್ನ ಭೂತಗನ್ನಡಿಯನ್ನು ಅವನ ಕೈಗೆ ಕೊಟ್ಟೆ. ಬಹಳ ಹೊತ್ತು ನೋಡಿದ.

"ಇದಕ್ಕೆ ಜೀವ ಇದೆಯಾ?"

"ಇದೆ."

"ನಿಮ್ಮ ಯಜಮಾನ್ರಿಗೆ ಹೇಳಿ, ಇನ್ಮೇಲೆ ಹುಳಾನ ಹುಳಾ ಅಂತ್ಲೇ ಬರೀಲಿ" ಅಂದು ಜೀಪು ಹತ್ತಿದ.

ಅವನಿಗೆ ಅರ್ಥವಾಯಿತು ಎಂದುಕೊಂಡೆ. ಆದರೂ ಆಮೇಲೆ ನಿನ್ನಿಂದ ಪತ್ರವಿಲ್ಲ. ನಿನಗೆ ಏನಾದರೂ ಮಾಡಿದರೆ? ಇದನ್ನು ಯಾರನ್ನು ಕೇಳಬೇಕೆಂದೂ ತಿಳಿಯದೆ ನಿನ್ನನ್ನೇ ಕೇಳುತ್ತಿದ್ದೇನೆ.

ಒತಿಲ್ಯಾ

*

9 ಮೇ 1982

ಒತಿಲ್ಯಾ,

ಗುಪ್ತ ಸಂಕೇತ ಬಳಸಿದ್ದಕ್ಕೆ ಒಂದು ತಿಂಗಳು ಪತ್ರ ನಿಂತಿತ್ತು, ಅಂಗಳದಲ್ಲಿ ನಡೆದಾಡುವ ಅರ್ಧ ಗಂಟೆಯೂ. ಬೇರೆ ಏನೂ ಮಾಡಲಿಲ್ಲ. ಹುಳುವನ್ನು ಹುಳು ಎಂದೇ ಬರೆಯುತ್ತೇನೆ.

ಅಂಗಳವಿಲ್ಲದ ಆ ತಿಂಗಳು ವಿಚಿತ್ರವಾಗಿತ್ತು. ಕೋಣೆಯ ಉದ್ದ ಆರು ಹೆಜ್ಜೆ. ಎಂಟು ಜನರೂ ಒಟ್ಟಿಗೆ ನಡೆಯಲಾಗದು, ಇಬ್ಬರಿಬ್ಬರ ಸರದಿ. ಉಳಿದವರು ಮಂಚದ ಮೇಲೆ ಕಾಲು ಮಡಚಿ ಕೂತಿರಬೇಕು. ಯಾರು ಯಾವಾಗ ಕೆಮ್ಮುತ್ತಾರೆ, ಯಾರು ಹೆಂಡತಿಯ ಪತ್ರ ಓದುವಾಗ ಗೋಡೆಗೆ ತಿರುಗುತ್ತಾರೆ, ಎಲ್ಲ ಗೊತ್ತಾಗಿಬಿಟ್ಟಿದೆ. ಏಪ್ರಿಲ್ ಕೊನೆಯಲ್ಲಿ ನಿಮ್ಮಲ್ಲಿ ಹೂ ಬಿಟ್ಟಿರುತ್ತದೆ ಎಂದು ಲೆಕ್ಕ ಹಾಕಿದೆ. ಇಲ್ಲಿ ಹಸಿರು ಬಣ್ಣ ಇರುವುದು ಗೋಡೆಯ ಅರ್ಧದವರೆಗೆ ಮಾತ್ರ, ಎಣ್ಣೆ ಬಣ್ಣ.

ಒಬ್ಬೊಬ್ಬರನ್ನೇ ಕರೆದು ಒಂದು ಕಾಗದ ಮುಂದಿಡುತ್ತಾರೆ. ಕಾನೂನಿಗೆ ನಿಷ್ಠನಾಗಿರುತ್ತೇನೆ, ಯೂನಿಯನ್ನಿನ ಕೆಲಸಕ್ಕೆ ಇನ್ನು ಹೋಗುವುದಿಲ್ಲ ಎಂದು. ಸಹಿ ಹಾಕಿದವರು ಮನೆಗೆ. ಬೆನೆಕ್ ಹಾಕಿದ. ಅವನ ಹೆಂಡತಿಗೆ ಜೂನಿನಲ್ಲಿ ಹೆರಿಗೆ. ಕಂಬಳಿ ಮಡಚುವಾಗ ಅವನು ಅಳುತ್ತಿದ್ದ, ನಾವು ಯಾರೂ ಏನೂ ಅನ್ನಲಿಲ್ಲ. ಏನೂ ಅನ್ನದೆ ಇದ್ದದ್ದೇ ಅವನಿಗೆ ಭಾರವಾಯಿತೇನೋ. ಹೋಗುವಾಗ ಕಾಲುಚೀಲ ಬಿಚ್ಚಿ ನನ್ನ ದಿಂಬಿನ ಮೇಲಿಟ್ಟು ಹೋದ.

ನನ್ನನ್ನು ಎರಡು ಸಲ ಕರೆದರು. ನಾನು ಹಾಕಲಿಲ್ಲ. ಧೈರ್ಯ ಎಂದುಕೊಳ್ಳಬೇಡ. ಹೊರಗೆ ಹೋದರೆ ಎಲ್ಲಿಗೆ ಹೋಗಬೇಕು ಎಂದು ಗೊತ್ತಿರುವವರಿಗೆ ಆ ಕಾಗದ ನಿರಾಕರಿಸುವುದು ಕಷ್ಟ. ನನಗೆ ಹಾಸ್ಟೆಲಿನ ಕೋಣೆ ಇತ್ತು, ಅಷ್ಟೇ.

ಪೀಪಾಯಿಗಳು ಏನಾದವು, ಬರೆ.

ಸೆವೆರಿನ್

*

ದೊಂಬ್ರುವ್ಕಾ, 30 ಮೇ 1982

ಸೆವೆರಿನ್,

ಬಂದವು. ಮೇ ಆರಕ್ಕೆ ಶುರುವಾಯಿತು. ಬೆಳಿಗ್ಗೆ ಹೋಗಿ ನೋಡಿದರೆ ಜರಡಿ ಬಟ್ಟೆಯ ಅಡಿಯಲ್ಲಿ ಪತಂಗಗಳು ಒತ್ತೊತ್ತಾಗಿ ಅಂಟಿಕೊಂಡಿದ್ದವು. ಇಷ್ಟು ವರ್ಷ ತೋಟದಲ್ಲಿದ್ದೂ ನಾನು ಅವನ್ನು ಹತ್ತಿರದಿಂದ ನೋಡಿರಲಿಲ್ಲ. ಚಿನ್ನದ ಬಣ್ಣ, ಮೇಲೆ ಬಿಳಿ ಗೀಟು. ಇಷ್ಟು ಚೆಂದ ಇರುತ್ತವೆ ಎಂದು ನೀನು ಯಾವತ್ತೂ ಹೇಳಿರಲಿಲ್ಲ. ಹೇಳಿದ್ದೆಯೇನೋ, ನಾನು ಕೇಳಿಸಿಕೊಳ್ಳಲಿಲ್ಲ. ಕಿವಿ ಇಟ್ಟರೆ ಸಣ್ಣ ಮಳೆ ಬಿದ್ದಂತೆ ಸದ್ದು. ಬಟ್ಟೆಯ ಮೇಲುಭಾಗದಲ್ಲಿ ಕಪ್ಪು ಚುಕ್ಕೆಗಳು ಹತ್ತಿಕೊಂಡು ಬಂದು, ಒಂದು ಕ್ಷಣ ನಿಂತು, ಹಾರಿ ಹೋಗುತ್ತಿದ್ದವು. ಕುರ್ಚಿಯನ್ನು ತೋಟಕ್ಕೇ ಎಳೆದೊಯ್ದು ಅಪ್ಪನನ್ನು ಕೂರಿಸಿದೆ. ಅವನು ಇಡೀ ಬೆಳಿಗ್ಗೆ ಭೂತಗನ್ನಡಿ ಹಿಡಿದು ಕೂತಿದ್ದು, "ಇಷ್ಟು ಸಣ್ಣ ಜೀವಕ್ಕೆ ಸೊಂಟ ಬೇರೆ ಇದೆ ನೋಡು" ಅಂದ.

ಇನ್ನೊಂದು ವಿಷಯ. ಹೋದ ಭಾನುವಾರ ಪೂಜೆ ಮುಗಿದ ಮೇಲೆ ಸ್ಟೆಲ್ಮಾಕ್ ಮನೆಗೆ ಬಂದ. ಟೋಪಿ ಮಡಿಲಲ್ಲಿಟ್ಟುಕೊಂಡು ಕೂತ. ಗಸಗಸೆ ಕೇಕ್ ಕೊಟ್ಟೆ.

"ಒತಿಲ್ಯಾ, ನೀನು ಇಷ್ಟುದ್ದ ಇದ್ದಾಗಿಂದ ನೋಡಿದೀನಿ. ಈ ಮರ ನೆಟ್ಟೋರು ನಾನು, ನಿಮ್ಮಪ್ಪ ಸೇರಿ. ಇವು ಒಣಗೋದು ನೋಡಕ್ಕೆ ನನಗೂ ಆಗಲ್ಲ."

"ನೋಡ್ಬೇಡ ಹಾಗಾದ್ರೆ" ಅಂದ ಅಪ್ಪ.

"ಒಂದು ಡ್ರಮ್ ಬಂದಿದೆ. ಹೊಸ ಔಷಧಿ. ಎಲೆ ಒಳಗೆ ಇಳಿಯುತ್ತೆ, ಹುಳ ಎಲ್ಲಿ ಅಡಗಿದ್ರೂ ಸಾಯುತ್ತೆ. ಜುಲೈನಲ್ಲಿ ಎರಡನೇ ಸಲ ಹುಳ ಹಾರುವಾಗ ಹೊಡೆದ್ರೆ ಸಾಕು. ನಿನಗೇ ಇಟ್ಟಿದೀನಿ."

"ಬದಲಿಗೆ ಏನ್ ಕೊಡ್ಬೇಕು?"

"ಏನೂ ಬೇಡ. ಗಂಡನಿಗೆ ಒಂದು ಕಾಗದ ಬರಿ. ಸಹಿ ಹಾಕಿ ಮನೆಗೆ ಬಾ ಅಂತ. ನಮ್ಮೂರಿನವನು ಒಬ್ಬನೇ ಅಲ್ಲಿರೋದು. ಮೇಲಿನವರು ಪ್ರತಿ ಮೀಟಿಂಗಲ್ಲೂ ನನ್ನ ಮುಖ ನೋಡ್ತಾರೆ."

ಅಪ್ಪ ಎಡಗೈಯಿಂದ ತಟ್ಟೆಯನ್ನು ಎಳೆದುಕೊಂಡ. "ಕೇಕ್ ತಿಂದಾಯ್ತಲ್ಲ ಸ್ಟೆಲ್ಮಾಕ್. ಏಳು ಇನ್ನು."

ಅವನು ಬರೆ ಎಂದ ಎಂಬುದನ್ನು ಬರೆಯುತ್ತಿದ್ದೇನೆ. ನಾನು ಏನು ಬಯಸುತ್ತೇನೆ ಎಂಬುದನ್ನು ಬರೆಯುತ್ತಿಲ್ಲ. ನೀನೂ ಕೇಳಬೇಡ.

ಲಕೋಟೆಯಲ್ಲಿ ಒಂದು ಹಸಿ ಎಲೆ ಇದೆ.

ಒತಿಲ್ಯಾ

*

20 ಜೂನ್ 1982

ಒತಿಲ್ಯಾ,

ಎಲೆಯನ್ನು ತೆಗೆದುಬಿಟ್ಟಿದ್ದಾರೆ. ಕಾಗದದ ಮಡಿಕೆಯಲ್ಲಿ ಅದರ ಕಲೆ ಉಳಿದಿದೆ, ತೊಟ್ಟೂ ನಡುನರವೂ ಸ್ಪಷ್ಟ. ಕೋಣೆಯವರೆಲ್ಲ ಒಬ್ಬರಾದ ಮೇಲೆ ಒಬ್ಬರು ಮೂಸಿದರು. ಏನೂ ವಾಸನೆ ಇರಲಿಲ್ಲ; ಆದರೂ ಮೂಸಿದರು.

ಕೇಳಬೇಡ ಅಂದೆ, ಕೇಳುವುದಿಲ್ಲ. ಎಣಿಕೆಯ ಬಗ್ಗೆ ಬರೆಯುತ್ತೇನೆ. ಈಗ ಮೊದಲ ಪೀಳಿಗೆಯ ಹುಳುಗಳು ಎಲೆಯೊಳಗಿವೆ. ಗುಳ್ಳೆ ಇರುವ ನೂರು ಎಲೆ ಕಿತ್ತು ತಾ. ಒಂದೇ ಮರದ್ದಲ್ಲ, ಎಲ್ಲ ಸಾಲಿನದೂ. ಒಂದೊಂದರಲ್ಲಿ ಒಂದು ಗುಳ್ಳೆ ಸೀಳಿ ನೋಡಿ. ಹಳದಿ ಹುಳು ಮಿಸುಕಾಡಿದರೆ ಅದು ನಮ್ಮ ವೈರಿ. ಹುಳು ಸುಕ್ಕಾಗಿ ಪಕ್ಕದಲ್ಲಿ ಬಿಳಿ ಮರಿಯೋ ಕಪ್ಪು ಗೂಡೋ ಇದ್ದರೆ ಅಲ್ಲಿ ಕಣಜ ಬಂದು ಹೋಗಿದೆ. ನೂರರಲ್ಲಿ ಐವತ್ತಕ್ಕಿಂತ ಹೆಚ್ಚು ಕಣಜದ್ದಾದರೆ ಏನೂ ಹೊಡೆಯಬೇಡ, ಅವೇ ನೋಡಿಕೊಳ್ಳುತ್ತವೆ. ನಲವತ್ತಕ್ಕಿಂತ ಕಡಿಮೆಯಾದರೆ ತೋಟ ಉಳಿಯುವುದಿಲ್ಲ. ಸ್ಟೆಲ್ಮಾಕ್ ಬಳಿ ಹೋಗು. ನಾನು ಅಲ್ಲಿದ್ದರೂ ಅದನ್ನೇ ಹೇಳುತ್ತಿದ್ದೆ.

ಮಾವನ ಕಣ್ಣು ನನಗಿಂತ ಚುರುಕು. ಅವರೇ ಎಣಿಸಲಿ.

ಸೆವೆರಿನ್

*

ದೊಂಬ್ರುವ್ಕಾ, 4 ಜುಲೈ 1982

ಸೆವೆರಿನ್,

ನಲವತ್ತಮೂರು.

ಅಪ್ಪ ಸೀಳಿ ಸೀಳಿ ಎಡಗೈ ಹೆಬ್ಬೆರಳಿನ ಉಗುರು ಹಸಿರಾಗಿದೆ. ಮೊದಲ ಸಲ ನಲವತ್ತಮೂರು ಬಂತು. ಒಪ್ಪದೆ ಮತ್ತೆ ನೂರು ತರಿಸಿದ. ನಲವತ್ತೆರಡು. ಸಿಟ್ಟಿನಿಂದ ಮೂರನೇ ಸಲ. ಮತ್ತೆ ನಲವತ್ತಮೂರು. ಐವತ್ತರ ಮೇಲೆ ಬಂದರೆ ಇದು ಮಾಡು, ನಲವತ್ತರ ಕೆಳಗೆ ಬಂದರೆ ಅದು ಮಾಡು ಅಂದೆ. ನಡುವೆ ಸಿಕ್ಕಿಕೊಂಡವರಿಗೆ ಏನೂ ಹೇಳಲಿಲ್ಲ.

"ಈ ಅಳಿಯ ಯಾವತ್ತೂ ಹೀಗೇನೇ, ಪೂರ್ತಿ ಹೇಳೋದೇ ಇಲ್ಲ" ಅಂದ ಅಪ್ಪ.

ಕೆಳಗಿನ ಕೊಂಬೆಗಳಲ್ಲಿ ಎಲೆ ಚುಕ್ಕೆ ಚುಕ್ಕೆಯಾಗಿ ಬೆಳ್ಳಗಾಗುತ್ತಿದೆ. ಮುಂದಿನ ವಾರ ಪತಂಗ ಮತ್ತೆ ಹಾರುತ್ತದೆ. ಸ್ಟೆಲ್ಮಾಕ್ ಡ್ರಮ್ಮನ್ನು ಭಾನುವಾರದವರೆಗೆ ಇಟ್ಟುಕೊಳ್ಳುತ್ತಾನಂತೆ, ಆಮೇಲೆ ಬೇರೆಯವರಿಗೆ. ಈ ಪತ್ರ ನಿನಗೆ ಮುಟ್ಟಲು ಎರಡು ವಾರ, ನಿನ್ನ ಉತ್ತರ ಬರಲು ಮತ್ತೆ ಎರಡು. ಆದ್ದರಿಂದ ನಾನು ನಿನ್ನನ್ನು ಏನೂ ಕೇಳುತ್ತಿಲ್ಲ. ನೀನು ಇದನ್ನು ಓದುವಾಗ ನಾನು ಮಾಡುವುದನ್ನು ಮಾಡಿಯಾಗಿರುತ್ತದೆ.

ಬೆಳಿಗ್ಗೆ ತೋಟದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುತ್ತೇನೆ, ವಾಪಸ್ ಬರುತ್ತೇನೆ. ಇಷ್ಟು ಜಾಗ ಇದ್ದೂ ನಿಮ್ಮ ಆರು ಹೆಜ್ಜೆಯ ಹಾಗೇ ಅನ್ನಿಸುತ್ತದೆ. ಹೀಗೆ ಬರೆದದ್ದಕ್ಕೆ ಕ್ಷಮಿಸು. ನಿನ್ನದಕ್ಕೆ ಹೋಲಿಸುವಂಥದ್ದಲ್ಲ.

ಒತಿಲ್ಯಾ

*

9 ಜುಲೈ 1982

ಒತಿಲ್ಯಾ,

ಎಣಿಕೆಯ ಪತ್ರ ಇನ್ನೂ ಬಂದಿಲ್ಲ. ಅದಕ್ಕಾಗಿ ಕಾಯದೆ ಬರೆಯುತ್ತಿದ್ದೇನೆ.

ಹೋದ ಆಗಸ್ಟಿನಲ್ಲಿ ನಾನು ಸೂಟ್‌ಕೇಸ್ ತುಂಬುವಾಗ ನೀನು ಬಾಗಿಲಲ್ಲಿ ನಿಂತು, "ಹುಳಕ್ಕೆ ಮೂರು ವರ್ಷ ಕಾಯ್ತೀಯ, ನಾನು ಯಾಕೆ ಹೊಡೆದೆ ಅಂತ ಕೇಳೋಕೆ ಮೂರು ನಿಮಿಷ ಇಲ್ವಲ್ಲ" ಅಂದೆ. ನಾನು ಬೀಗ ಹಾಕುತ್ತಿದ್ದೆ, ತಲೆ ಎತ್ತಲಿಲ್ಲ. ಇಲ್ಲಿ ಏಳು ತಿಂಗಳಿಂದ ಆ ಮೂರು ನಿಮಿಷ ನನ್ನ ಬಳಿ ಇವೆ. ಬೇರೇನೂ ಇಲ್ಲ. ನೀನು ಹೊಡೆದದ್ದು ಮಾವನಿಗೆ ಹೆದರಿ, ಬೆಳೆ ಹೋದರೆ ಅಳಿಯನ ಹುಚ್ಚಿನಿಂದ ಹೋಯಿತು ಎಂದು ಊರು ಆಡಿಕೊಳ್ಳುತ್ತದೆ ಎಂದು ಹೆದರಿ. ನನ್ನ ಹೆಸರು ಉಳಿಸಲು ಹೊಡೆದೆ. ಇದು ನನಗೆ ಹೊಳೆದದ್ದು ಮೊನ್ನೆ, ಊಟದ ತಟ್ಟೆ ತೊಳೆಯುವಾಗ.

ನಾಳೆ ಬೆಳಿಗ್ಗೆ ಅಧಿಕಾರಿಯ ಕೋಣೆಗೆ ಹೋಗಿ ಸಹಿ ಹಾಕುತ್ತೇನೆ. ನಿನಗೆ ಡ್ರಮ್ ಸಿಗಲಿ. ಮರಗಳು ನಿಮ್ಮವು, ಪ್ರಯೋಗ ನನ್ನದು. ನನ್ನ ಪ್ರಯೋಗಕ್ಕೆ ನಿಮ್ಮ ಮರ ಸಾಯಬಾರದು. ಕೋಣೆಯವರಿಗೆ ಇನ್ನೂ ಹೇಳಿಲ್ಲ. ಕಂಬಳಿ ಮಡಚುವಾಗ ಹೇಗೂ ಗೊತ್ತಾಗುತ್ತದೆ.

ಸೆವೆರಿನ್

*

ತಂತಿ
ದೊಂಬ್ರುವ್ಕಾ, 26 ಜುಲೈ 1982

ಪತ್ರ ಈಗ ಬಂತು. ಔಷಧಿ ಹೊಡೆದಿಲ್ಲ. ನನಗಾಗಿ ಸಹಿ ಬೇಡ. ಒತಿಲ್ಯಾ

*

ಸಂಸ್ಥೆಯ ಹಾಸ್ಟೆಲ್, 2 ಆಗಸ್ಟ್ 1982

ಒತಿಲ್ಯಾ,

ನಿನ್ನ ತಂತಿಯನ್ನು ನನಗೆ ಕೊಟ್ಟದ್ದು ಗೇಟಿನ ಬಳಿ, ಬೆಲ್ಟು, ಗಡಿಯಾರ, ಶೂ ದಾರದ ಜೊತೆಗೆ. ಸಹಿ ಹಾಕಿದ ಮೇಲೂ ಬಿಡಲು ಎರಡು ವಾರಕ್ಕಿಂತ ಹೆಚ್ಚು ಹಿಡಿಯಿತು; ತಂತಿ ಬಿಡುಗಡೆಗೆ ಒಂದು ದಿನ ಮೊದಲೇ ಬಂದಿತ್ತು. ಕೊಟ್ಟವನಿಗೆ ಅದರಲ್ಲಿ ಏನಿದೆ ಎಂದು ಗೊತ್ತಿತ್ತು. "ಓದಿಕೊಳ್ಳಿ, ಒಳ್ಳೆ ಸುದ್ದಿ" ಅಂದ.

ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತು ಓದಿದೆ. ನಮ್ಮೂರಿನ ಬಸ್ಸು ಎದುರಿಗೇ ನಿಂತಿತ್ತು. ಅದು ಹೋಗುವವರೆಗೂ ಕೂತಿದ್ದೆ.

ಸಂಸ್ಥೆಯವರು ಕೆಲಸದಿಂದ ತೆಗೆದಿದ್ದಾರೆ. ಸೆಪ್ಟೆಂಬರ್ ಹದಿನೈದರೊಳಗೆ ಈ ಕೋಣೆ ಖಾಲಿ ಮಾಡಬೇಕು. ಪ್ರತಿ ಮಂಗಳವಾರ ಠಾಣೆಗೆ ಹೋಗಿ ಮುಖ ತೋರಿಸಬೇಕು. ನಿನ್ನೆ ಬೀದಿಯಲ್ಲಿ ನಮ್ಮ ಪ್ರಯೋಗಾಲಯದ ಹುಡುಗಿ ಎದುರಾದಳು, ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದಳು. ಅವಳ ಅಣ್ಣ ಇನ್ನೂ ಒಳಗಿದ್ದಾನೆ.

ನೀನು ಔಷಧಿ ಬೇಡವೆಂದು ನಿಂತೆ, ನಾನು ಅದಕ್ಕಾಗಿ ಸಹಿ ಹಾಕಿ ಬಂದೆ. ಯಾವ ಮುಖ ಹೊತ್ತು ಆ ಮರಗಳ ಕೆಳಗೆ ಬರಲಿ? ನನ್ನನ್ನು ಕರೆಯಬೇಡ. ಕರೆದರೆ ಕನಿಕರದಿಂದ ಕರೆದೆ ಅನ್ನಿಸುತ್ತದೆ. ಆಗಸ್ಟ್ ಇಪ್ಪತ್ತರ ಹೊತ್ತಿಗೆ ಮತ್ತೆ ನೂರು ಎಲೆ ಎಣಿಸಿ. ಸಂಖ್ಯೆ ತಿಳಿಸಿದರೆ ಉಪಕಾರ.

ಸೆವೆರಿನ್

*

ದೊಂಬ್ರುವ್ಕಾ, 29 ಆಗಸ್ಟ್ 1982

ಸೆವೆರಿನ್,

ನಾಲ್ಕು ವಾರ ತಡಮಾಡಿ ಬರೆಯುತ್ತಿದ್ದೇನೆ. ಬರೆದು ಹರಿದದ್ದು ಎಷ್ಟೋ.

ಮೊದಲು ಊರಿನ ಸುದ್ದಿ. ಬೇರೆ ಯಾರಿಂದಲೋ ಕೇಳುವುದಕ್ಕಿಂತ ನನ್ನಿಂದ ಕೇಳು. ಸಂಘದ ಸಭೆಯಲ್ಲಿ ಸ್ಟೆಲ್ಮಾಕ್ ನೀನು ಸಹಿ ಹಾಕಿದ ಕಾಗದವನ್ನು ಎಲ್ಲರೆದುರು ಓದಿದ. ಅದರ ನಕಲು ಅವನಿಗೆ ಹೇಗೆ ಸಿಕ್ಕಿತೋ. ನಾಲ್ಕು ಸಾಲು. ಓದಿ ಮುಗಿಸಿ, "ನಮ್ಮ ಅಳಿಯ ದಾರಿಗೆ ಬಂದ" ಅಂದ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಎಲ್ಲರೂ ನೆಲ ನೋಡಿದರು. ನನ್ನ ಪಕ್ಕದಲ್ಲಿ ಕೂತವಳು ತನ್ನ ಚೀಲವನ್ನು ಆಚೆ ಬದಿಗೆ ಎಳೆದುಕೊಂಡಳು. ನಾನು ಸಭೆ ಮುಗಿಯುವವರೆಗೂ ಕೂತಿದ್ದೆ.

ಮಾರನೇ ದಿನ ಗೇಟಿನ ಬಳಿ ಡ್ರಮ್ ಇಳಿಸಿಹೋಗಿದ್ದ, ಬೇರೆಯವರಿಗೆ ಕೊಟ್ಟೇ ಇರಲಿಲ್ಲ. ಕೊಟ್ಟ ಮಾತು ಉಳಿಸಿಕೊಂಡನಂತೆ. ಅದು ನಿಂತಿದ್ದನ್ನು ಊರೆಲ್ಲ ನೋಡಿತು. ಉರುಳಿಸಿಕೊಂಡು ಅವನ ಮನೆಯವರೆಗೆ ಹೋದೆ. ಇಳಿಜಾರಿದೆ, ಕಷ್ಟವಾಗಲಿಲ್ಲ. ಸ್ಟೆಲ್ಮಾಕ್ ಅಂಗಳದಲ್ಲಿ ಬಾತುಕೋಳಿಗೆ ಕಾಳು ಹಾಕುತ್ತಿದ್ದ.

"ತಗೋ, ನಿನ್ನ ಔಷಧಿ."

"ಹುಚ್ಚಿ, ಇದಕ್ಕೇ ತಾನೆ ನಿನ್ನ ಗಂಡ ಸಹಿ ಹಾಕಿದ್ದು?"

ಡ್ರಮ್ಮನ್ನು ಅವನ ಅಂಗಳದಲ್ಲೇ ಬಿಟ್ಟು ಬಂದೆ.

ಎಣಿಕೆ ಅರವತ್ತೆಂಟು. ಅಪ್ಪ ಒಂದೇ ಸಲ ಎಣಿಸಿ ಭೂತಗನ್ನಡಿ ಕೆಳಗಿಟ್ಟ. ಎಲೆ ಮರದ ಮೇಲೇ ಇದೆ. ಚುಕ್ಕೆ ಇವೆ, ಬೆಳ್ಳಗಾಗಿವೆ, ಆದರೆ ಉದುರುತ್ತಿಲ್ಲ. ಹಣ್ಣು ಸಣ್ಣದು, ಕೆಂಪಾಗುತ್ತಿದೆ. ನೀನು ಗೆದ್ದೆ ಎಂದು ಬರೆಯಬೇಕೆಂದು ಕೂತೆ, ಆದರೆ ಹಾಗೆ ಬರೆಯಲಾಗುತ್ತಿಲ್ಲ. ನಾನು ಜುಲೈನಲ್ಲಿ ಹೊಡೆಯದೆ ಇದ್ದದ್ದು ನಲವತ್ತಮೂರನ್ನು ನಂಬಿ ಅಲ್ಲ. ಎರಡನೇ ಸಲ ಹೊಡೆದೆ ಎಂದು ನಿನಗೆ ಬರೆಯುವ ಶಕ್ತಿ ನನಗೆ ಇರಲಿಲ್ಲ.

ಇನ್ನು ಬರೆಯಬೇಕಾದ್ದು ಬರೆಯುತ್ತೇನೆ. ಮೇ ತಿಂಗಳಲ್ಲಿ ಸ್ಟೆಲ್ಮಾಕ್ ಎದ್ದು ಹೋದ ಮಧ್ಯಾಹ್ನವೇ ನಾನು ಒಂದು ಪತ್ರ ಬರೆದೆ. "ಸಹಿ ಹಾಕು, ಮನೆಗೆ ಬಾ." ಎರಡೇ ಮಾತು. ಲಕೋಟೆಗೆ ಹಾಕಿ, ಅಂಟಿಸಿ, ಅಂಚೆಚೀಟಿಯನ್ನೂ ಹಚ್ಚಿ, ಮೂರು ದಿನ ಬ್ರೆಡ್ ಡಬ್ಬಿಯ ಹಿಂದೆ ಇಟ್ಟಿದ್ದೆ. ಆಮೇಲೆ ಒಲೆಗೆ ಹಾಕಿದೆ. ನಿನ್ನ ಮರ್ಯಾದೆ ಉಳಿಯಲಿ ಎಂದಲ್ಲ. ಡ್ರಮ್ಮಿಗಾಗಿ ಕರೆದಳು ಎಂದು ನೀನು ತಿಳಿದುಕೊಳ್ಳುತ್ತೀಯ ಎಂದು. ನಾನು ಕರೆದದ್ದು ಡ್ರಮ್ಮಿಗಾಗಿ ಅಲ್ಲ. ಫೆಬ್ರವರಿಯ ಮೊದಲ ಪತ್ರವನ್ನು ಬರೆದದ್ದೂ ಎಲೆಗಳ ವಿಷಯಕ್ಕಲ್ಲ.

ಹಾಗಾಗಿ ನೀನು ಸಹಿ ಹಾಕಿದ್ದು ತಪ್ಪು ಎನ್ನಲು ನನಗೆ ಬಾಯಿಲ್ಲ, ಸರಿ ಎನ್ನಲೂ ಇಲ್ಲ. ಪೇಟೆಯಲ್ಲಿ, ಒಳಗೆ ಉಳಿದವರ ಹೆಂಡಿರು ನನ್ನನ್ನು ನೋಡುವ ನೋಟ ಹಾಗೇ ಇರುತ್ತದೆ. ಬೇಲಿಗೆ ಆತು ನಿಂತು ತಮಾಷೆ ಮಾಡುತ್ತಿದ್ದವರು ಈಗ ಸುಮ್ಮನೆ ಹೋಗುತ್ತಾರೆ. ಮಂಗಳವಾರಗಳನ್ನು ಇಲ್ಲಿನ ಠಾಣೆಗೆ ವರ್ಗ ಮಾಡಿಸಬಹುದಂತೆ, ಕೇಳಿದೆ. ಅದೇ ಲೆಫ್ಟಿನೆಂಟ್. "ಹುಳ ಬಂತಾ?" ಎಂದು ವಿಚಾರಿಸಿದ.

ಸೆಪ್ಟೆಂಬರ್ ಹತ್ತಕ್ಕೆ ಮ್ಯಾಕಿಂಟಾಶ್ ಕೊಯ್ಲು. ಕೂಲಿಯವರು ಈ ಸಲ ನಮ್ಮಲ್ಲಿಗೆ ಬರುವುದು ಅನುಮಾನ. ಎರಡು ಏಣಿ ಇವೆ, ನಾನು ಒಬ್ಬಳು. ಅಪ್ಪ ಪೆಟ್ಟಿಗೆಗೆ ಎಡಗೈಯಲ್ಲೇ ಹುಲ್ಲು ಹಾಸುವುದನ್ನು ಅಭ್ಯಾಸ ಮಾಡುತ್ತಿದ್ದಾನೆ. "ಬರ್ತಾನೋ ಇಲ್ವೋ ಕೇಳು. ಬರದಿದ್ರೆ ನಾನೇ ಏಣಿ ಹತ್ತಬೇಕು" ಅಂದ.

ಶನಿವಾರ ಮಧ್ಯಾಹ್ನ ಎರಡು ಇಪ್ಪತ್ತರ ಬಸ್ಸಿಗೆ ಬಾ. ನಿಲ್ದಾಣದಿಂದ ನಮ್ಮ ಮನೆಗೆ ಬರುವಷ್ಟರಲ್ಲಿ ಹದಿನಾಲ್ಕು ಬಾಗಿಲು ಸಿಗುತ್ತವೆ. ಆ ಹೊತ್ತಿಗೆ ಎಲ್ಲರೂ ಹೊಸ್ತಿಲಲ್ಲೇ ಕೂತಿರುತ್ತಾರೆ. ಹಿಂದಿನ ಹೊಲದ ದಾರಿ ಇದೆ, ನೀನು ಅದನ್ನೇ ಹಿಡಿಯೋಣ ಅನ್ನುತ್ತೀಯ. ಬೇಡ. ನಾನು ನಿಲ್ದಾಣಕ್ಕೆ ಬಂದಿರುತ್ತೇನೆ. ಸೂಟ್‌ಕೇಸಿನ ಒಂದು ಕಡೆ ನೀನು ಹಿಡಿ, ಒಂದು ಕಡೆ ನಾನು ಹಿಡಿಯುತ್ತೇನೆ. ಬೀದಿಯ ನಡುವೆಯೇ ನಡೆದು ಬರೋಣ.

ನಿನ್ನ
ಒತಿಲ್ಯಾ